ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ

ಆಗುಂಬೆ ಸೀಮೆಯವಳಾದ ನನಗೆ ಕಾಳಿಂಗ ಸರ್ಪವೆಂದರೆ ಅಡಕೆ ತೋಟದಂಚಿನಲ್ಲಿ ಹಾದುಹೋಗುವ ನೆರೆಯವನು. 1836ರಲ್ಲಿ ಥಿಯೋಡರ್ ಕ್ಯಾಂಟರ್ ವಿವರಿಸಿದ ಈ ಹಾವು ಭಾರತದಿಂದ ಫಿಲಿಪ್ಪೀನ್ಸ್‌ವರೆಗೂ ಒಂದೇ ಪ್ರಭೇದವೆಂಬುದು ಬಹುಕಾಲದ ಲೆಕ್ಕವಾಗಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದು ಈಗ ‘ಓಫಿಯೋಫೇಗಸ್ ಕಾಳಿಂಗ’. ಕನ್ನಡದ ಹೆಸರೇ ವಿಜ್ಞಾನದ ಪುಸ್ತಕ ಸೇರಿತಲ್ಲ, ನನಗದು ದೊಡ್ಡ ಹೆಮ್ಮೆ.

ನಿರ್ಧರಿಸಿದ್ದು ಹೇಗೆ? ಬಣ್ಣ ನೋಡಿದರಷ್ಟೇ ಸಾಲದು. ಮರಿಯ ಮೈಬಣ್ಣವೇ ಬೇರೆ, ಬಲಿತ ಹಾವಿನದೇ ಬೇರೆ. ಮ್ಯೂಸಿಯಂಗಳಲ್ಲಿಟ್ಟ ಹಾವುಗಳ ಮೈಪಟ್ಟೆ ಎಣಿಸಿದರು: ಬಲಿತ ಘಟ್ಟದ ಹಾವಿಗೆ 40ಕ್ಕಿಂತ ಕಡಿಮೆ, ಉತ್ತರದ ಪ್ರಭೇದಕ್ಕೆ 50ರಿಂದ 70. ಡಿಎನ್‌ಎ ಕೂಡ ಅದನ್ನೇ ಹೇಳಿತು. ಹಾಗಾದರೆ ಇವು ಬರೀ ಉಪಪ್ರಭೇದಗಳೇಕಲ್ಲ? ಎರಡು ಗುಂಪುಗಳು ಸಂಧಿಸುವಲ್ಲಿ ಧಾರಾಳವಾಗಿ ಕೂಡಿ, ನಡುವಣ ರೂಪದ ಹಾವುಗಳು ಹುಟ್ಟುತ್ತಿದ್ದರೆ ಅವನ್ನು ಉಪಪ್ರಭೇದಗಳೆನ್ನುವುದು ವಾಡಿಕೆ. ವಂಶವಾಹಿಗಳು ಬೆರೆಯದೆ ಬಹುಕಾಲ ತಮ್ಮತಮ್ಮ ದಾರಿ ಹಿಡಿದಿದ್ದರೆ ಅವು ಪ್ರತ್ಯೇಕ ಪ್ರಭೇದಗಳು. ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ ತಜ್ಞರಲ್ಲೇ ಭಿನ್ನಮತವಿದೆ.

ಇದು ಬರೀ ಹೆಸರಿನ ಮಾತಲ್ಲ. ಘಟ್ಟದ ಕಾಡು ಅಳಿದರೆ ಈ ಹಾವಿಗೆ ಬೇರೆಲ್ಲೂ ನೆಲೆಯಿಲ್ಲ. ತೋಟಕ್ಕೆ ಬಂದರೆ ಹೊಡೆಯಬೇಡಿ. ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.