ವ್ಯಕ್ತಿನಾಮ ಮತ್ತು ಸಾಮಾಜಿಕ ತೀರ್ಪು: ಕನ್ನಡನಾಡಿನ ಕೆಲವು ನಿದರ್ಶನಗಳು

ನಾಮವಿಜ್ಞಾನದ ಎರಡು ಮುಖ್ಯ ಶಾಖೆಗಳಾದ ಸ್ಥಳನಾಮ ಮತ್ತು ವ್ಯಕ್ತಿನಾಮಗಳ ಪೈಕಿ ಕನ್ನಡದ ವಿದ್ವಾಂಸರ ಗಮನವನ್ನು ಹೆಚ್ಚಾಗಿ ಸೆಳೆದಿರುವುದು ಮೊದಲನೆಯದು. ವ್ಯಕ್ತಿನಾಮಗಳನ್ನು ಕುರಿತ ಬರಹಗಳೂ ಬಹುಮಟ್ಟಿಗೆ ಹೆಸರಿನ ವ್ಯುತ್ಪತ್ತಿ, ಅದರ ಹಿಂದಿರುವ ದೈವ, ಅದಕ್ಕೆ ಹತ್ತುವ ಪ್ರತ್ಯಯ ಇವುಗಳ ವಿವೇಚನೆಗೆ ಮೀಸಲಾಗಿವೆ. ಆದರೆ ಇಟ್ಟ ಹೆಸರನ್ನು ಸಮಾಜ ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಒಂದು ಹೆಸರು ಸೊಗಸೆಂದೂ ಇನ್ನೊಂದು ಒರಟೆಂದೂ ಮತ್ತೊಂದು ಬರಿಯ ದೊಡ್ಡಸ್ತಿಕೆಯೆಂದೂ ತೋರುವುದು ಯಾವ ಕಾರಣದಿಂದ? ಈ ತೀರ್ಪು ಹೆಸರಿನ ಧ್ವನಿ ಮತ್ತು ಅರ್ಥಗಳನ್ನು ಆಧರಿಸಿದಂತೆ ಮೇಲ್ನೋಟಕ್ಕೆ ಕಂಡರೂ, ವಾಸ್ತವವಾಗಿ ಅದು ತೂಗುವುದು ಹೆಸರಿಟ್ಟವರ ಸ್ಥಾನಮಾನವನ್ನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

1. ಶಾಸ್ತ್ರದ ವಿಧಿ

ನಾಮಕರಣವು ಸಂಸ್ಕಾರಗಳಲ್ಲೊಂದು. ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣುಮಗುವಿನ ಹೆಸರಿನಲ್ಲಿ ವಿಷಮಸಂಖ್ಯೆಯ ಅಕ್ಷರಗಳೂ ಇರಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಬ್ರಾಹ್ಮಣನ ಹೆಸರು ಮಂಗಳಸೂಚಕವಾಗಿಯೂ ಕ್ಷತ್ರಿಯನದು ಬಲಸೂಚಕವಾಗಿಯೂ ವೈಶ್ಯನದು ಧನಸೂಚಕವಾಗಿಯೂ ಶೂದ್ರನದು ಜುಗುಪ್ಸೆ ಹುಟ್ಟಿಸುವಂತೆಯೂ ಇರಬೇಕೆನ್ನುತ್ತದೆ. ಸ್ತ್ರೀಯರ ಹೆಸರು ಉಚ್ಚಾರಕ್ಕೆ ಸುಲಭವಾಗಿ, ಮನೋಹರವಾಗಿ, ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕೆಂಬುದೂ ಅಲ್ಲಿಯ ವಿಧಿ.

ಈ ವಿಧಿಗಳು ಎಲ್ಲೆಡೆ ಯಥಾವತ್ತಾಗಿ ಆಚರಣೆಗೆ ಬಂದವೆಂದು ಹೇಳಲಾಗದು. ಆದರೆ ಹೆಸರು ಕೇಳಿದೊಡನೆ ಮನುಷ್ಯನ ನೆಲೆ ತಿಳಿಯಬೇಕು ಎಂಬ ಅಪೇಕ್ಷೆ ಇಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ತನ್ನ ನೆಲೆಗೆ ಮೀರಿದ ಹೆಸರನ್ನು ಇಟ್ಟುಕೊಂಡವನು ಈ ದೃಷ್ಟಿಯಲ್ಲಿ ಅಭಿರುಚಿಯ ತಪ್ಪನ್ನಷ್ಟೇ ಮಾಡಿದವನಲ್ಲ, ಕ್ರಮವನ್ನೇ ಕದಡಿದವನು.

2. ಗಾದೆಯ ನಗೆ, ಜಾತಕದ ವಿವೇಕ

ಜನಪದವೂ ಹೆಸರನ್ನು ಕುರಿತು ತೀರ್ಪು ನೀಡಿದೆ. ಹೆಸರೇನೋ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಆಶಯದ ಗಾದೆ ಕನ್ನಡನಾಡಿನಲ್ಲೆಲ್ಲ ಪ್ರಚಲಿತ. ಇಲ್ಲಿ ನಗೆಗೆ ಗುರಿಯಾದವನು ಭಟ್ಟನೆಂಬುದನ್ನು ಗಮನಿಸಬೇಕು. ಶಾಸ್ತ್ರವು ಹೆಸರನ್ನು ವರ್ಣದೊಂದಿಗೆ ಹೊಂದಿಸಿದರೆ, ಗಾದೆಯು ಅದನ್ನು ಬದುಕಿನೊಂದಿಗೆ ಹೊಂದಿಸಿ ನೋಡುತ್ತದೆ.

ಇದೇ ವಸ್ತು ಪಾಲಿ ಜಾತಕಗಳಲ್ಲಿಯೂ ಬಂದಿದೆ. ನಾಮಸಿದ್ಧಿ ಜಾತಕದಲ್ಲಿ ಪಾಪಕನೆಂಬ ಶಿಷ್ಯನು ತನ್ನ ಹೆಸರಿಗೆ ನಾಚಿ, ಒಳ್ಳೆಯ ಹೆಸರೊಂದನ್ನು ಅರಸುತ್ತ ಹೊರಡುತ್ತಾನೆ. ದಾರಿಯಲ್ಲಿ ಅವನು ಕಾಣುವುದು ಜೀವಕನೆಂಬವನ ಶವವನ್ನು, ದುಡಿದು ತರಲಿಲ್ಲವೆಂದು ಏಟು ತಿನ್ನುತ್ತಿರುವ ಧನಪಾಲಿಯೆಂಬ ದಾಸಿಯನ್ನು, ದಾರಿ ತಪ್ಪಿದ ಪಂಥಕನನ್ನು. ಹೆಸರು ಗುರುತಿಗಷ್ಟೇ ಎಂದು ಅರಿತು ಅವನು ಹಿಂದಿರುಗುತ್ತಾನೆ. ವಿವೇಕದ ಮಾತೇನೋ ಸರಿ. ಆದರೆ ಪಾಪಕನೆಂದು ಕರೆಸಿಕೊಳ್ಳುವವನಿಗೆ ಆ ಹೆಸರು ಬರಿಯ ಗುರುತಾಗಿ ಉಳಿಯುವುದಿಲ್ಲವೆಂಬುದನ್ನು ಅವನ ನಾಚಿಕೆಯೇ ತೋರಿಸುತ್ತದೆ.

3. ಅರಸರ ಹೆಸರು, ಶರಣರ ಹೆಸರು

ಕನ್ನಡನಾಡಿನ ಚರಿತ್ರೆಯಲ್ಲಿ ಭಾರವಾದ ಹೆಸರುಗಳಿಗೆ ಕೊರತೆಯಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನು ನೃಪತುಂಗನೂ ಹೌದು, ಅತಿಶಯಧವಳನೂ ಹೌದು. ಹೊಯ್ಸಳರ ಬಿಟ್ಟಿದೇವನು ವಿಷ್ಣುವರ್ಧನನೆಂದು ಪ್ರಸಿದ್ಧನಾದ. ಹಕ್ಕನೆಂದು ಜನರ ನಾಲಗೆಯಲ್ಲಿ ಉಳಿದವನು ಶಾಸನಗಳಲ್ಲಿ ಹರಿಹರ. ಅಧಿಕಾರ ಏರಿದಂತೆ ದೇಸಿ ಹೆಸರಿನ ಜಾಗಕ್ಕೆ ಸಂಸ್ಕೃತದ ಹೆಸರು ಬರುವ ಈ ಕ್ರಮವನ್ನು ಚರಿತ್ರಕಾರರು ಆಡಂಬರವೆಂದು ಹಳಿದಿಲ್ಲ. ಅದನ್ನು ರಾಜಪ್ರತಿಷ್ಠೆಯ ಸಹಜ ಅಂಗವೆಂದು ಸ್ವೀಕರಿಸಿದ್ದಾರೆ.

ಹನ್ನೆರಡನೆಯ ಶತಮಾನದ ಶರಣರು ಹಿಡಿದ ದಾರಿ ಬೇರೆ. ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಕುಲಕಸುಬು ಅಥವಾ ಕಾಯಕದ ಗುರುತು ಮರೆಯಾಗಿಲ್ಲ. ಚೆನ್ನ, ಮಾಚ, ಲಕ್ಕ ಎಂಬ ದೇಸಿ ರೂಪಗಳೂ ಬದಲಾಗಿಲ್ಲ. ಅವುಗಳಿಗೆ 'ಅಯ್ಯ', 'ಅಮ್ಮ' ಎಂಬ ಗೌರವಸೂಚಕಗಳು ಕೂಡಿಕೊಂಡಿವೆ. ಮೇಲಿನವರ ಹೆಸರನ್ನು ಎರವಲು ಪಡೆಯದೆ, ಇದ್ದ ಹೆಸರಿಗೇ ಮರ್ಯಾದೆ ತಂದುಕೊಂಡ ಕ್ರಮವಿದು.

ಈ ಪ್ರತ್ಯಯದ ಮಹತ್ವ ಎಷ್ಟೆಂಬುದನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಪಾತ್ರನಾಮಗಳಿಂದ ತಿಳಿಯಬಹುದು. ಒಡೆಯರ ಮನೆತನದ ಮುಕುಂದಯ್ಯನಿಗೆ 'ಅಯ್ಯ' ಸಲ್ಲುತ್ತದೆ. ದುಡಿಯುವ ಐತ, ಗುತ್ತಿ, ಪೀಂಚಲು, ತಿಮ್ಮಿಯರಿಗೆ ಸಲ್ಲುವುದಿಲ್ಲ. ಗ್ರಾಮಜೀವನದಲ್ಲಿ ತಿಮ್ಮಯ್ಯನನ್ನು ತಿಮ್ಮನೆಂದು ಕರೆಯಬಲ್ಲವರು ಯಾರು, ಕರೆಯಲಾಗದವರು ಯಾರು ಎಂಬುದರಲ್ಲಿಯೇ ಊರಿನ ಅಧಿಕಾರರಚನೆ ಅಡಗಿತ್ತು.

4. ತಿಪ್ಪೆ, ಗುಂಡು, ಸಾಕು

ಪೇಟೆಯ ಕಿವಿಗೆ ಒರಟಾಗಿ ಕೇಳಿಸುವ ಹಲವು ಹೆಸರುಗಳು ಹುಟ್ಟಿದ್ದು ವಾತ್ಸಲ್ಯದಿಂದ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿಯಿತ್ತು. ಗುಂಡ, ಕಲ್ಲ, ಹುಚ್ಚ ಎಂಬ ಹೆಸರುಗಳ ಹಿಂದೆಯೂ ಅನೇಕ ಕಡೆ ಇದೇ ಭಾವನೆಯಿದೆ. ಸಾವಿನ ಕಣ್ಣಿಗೆ ಮಗು ಬೆಲೆಯಿಲ್ಲದ್ದಾಗಿ ತೋರಲಿ ಎಂಬುದು ತಾಯಿಯ ಹಾರೈಕೆ. ಅಲ್ಲದೆ ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ ಎಂಬ ಹೆಸರುಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಬಂದವು. ಇದನ್ನರಿಯದವರಿಗೆ ಕೇಳಿಸುವುದು ತಿಪ್ಪೆ ಮಾತ್ರ.

ಹಾಗೆಂದು ಹಳೆಯ ಹೆಸರುಗಳೆಲ್ಲ ನಿರ್ದೋಷಿಯಲ್ಲ. ಸಾಕಮ್ಮ ಎಂಬ ಹೆಸರಿನಲ್ಲಿ 'ಸಾಕು' ಎಂಬುದಕ್ಕೆ ಪೋಷಿಸು ಎಂಬ ಅರ್ಥವೂ ಉಂಟು, ಇನ್ನು ಹೆಣ್ಣು ಬೇಡ ಎಂಬ ಅರ್ಥವೂ ಉಂಟು. ಮಹಾರಾಷ್ಟ್ರದಲ್ಲಿ 'ನಕುಶಾ', ಅಂದರೆ ಬೇಡವಾದವಳು, ಎಂಬ ಹೆಸರಿದ್ದ ಹುಡುಗಿಯರಿಗೆ 2011ರಲ್ಲಿ ಸಾತಾರಾ ಜಿಲ್ಲಾ ಆಡಳಿತವೇ ಮುಂದಾಗಿ ಮರುನಾಮಕರಣ ಮಾಡಿಸಿತು. ಮಗುವನ್ನು ಕಾಯಲೆಂದು ಇಟ್ಟ ಹೀನನಾಮಕ್ಕೂ ಮಗುವನ್ನು ನಿರಾಕರಿಸಿ ಇಟ್ಟ ಹೀನನಾಮಕ್ಕೂ ಇರುವ ಅಂತರವನ್ನು ಸಂಶೋಧಕರು ಮರೆಯಲಾಗದು.

5. ಮೂರು ತಲೆಮಾರು

ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆಗೆ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರು ಕೊಡಗರನ್ನು ಕುರಿತ ತಮ್ಮ 1952ರ ಗ್ರಂಥದಲ್ಲಿ ಸಂಸ್ಕೃತೀಕರಣದ ನೆಲೆಯಿಂದ ವಿವರಣೆ ನೀಡಿದರು. ಇಪ್ಪತ್ತನೆಯ ಶತಮಾನದ ಹೆಸರುಗಳ ಬದಲಾವಣೆಗೂ ಈ ವಿವರಣೆ ಒಂದು ಮಟ್ಟಿಗೆ ಹೊಂದುತ್ತದೆ. ಆದರೆ ಎಲ್ಲವನ್ನೂ ಅನುಕರಣೆಯೆಂದು ತಳ್ಳಿಹಾಕಿದರೆ ಕೆಲವು ಮುಖ್ಯ ಸಂಗತಿಗಳು ಕೈತಪ್ಪುತ್ತವೆ.

ಕುಪ್ಪಳಿಯ ವೆಂಕಟಪ್ಪಗೌಡರ ಮಗ ಪುಟ್ಟಪ್ಪ. ಪುಟ್ಟಪ್ಪನವರ ಮಗ, 1938ರಲ್ಲಿ ಜನಿಸಿದ ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಉಳಿದ ಮಕ್ಕಳ ಹೆಸರುಗಳು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಮೊದಲ ತಲೆಮಾರಿನ ಹೆಸರಿನಲ್ಲಿ ದೈವವೂ ಜಾತಿಸೂಚಕವೂ ಇವೆ. ಎರಡನೆಯದರಲ್ಲಿ ಉಳಿದಿರುವುದು ಅಕ್ಕರೆ. ಮೂರನೆಯದರಲ್ಲಿ ಚಂದ್ರ, ಕೋಗಿಲೆ, ಚೈತ್ರಗಳು ಬಂದು, ಜಾತಿಯ ಸುಳಿವು ಪೂರ್ತಿ ಅಳಿದಿದೆ. ಭಾಷೆ ಸಂಸ್ಕೃತದ್ದೇ ಆದರೂ ಆಶಯ ಮೇಲ್ಜಾತಿಯ ಅನುಕರಣೆಯದಲ್ಲ; ಅದು ಕವಿಯ ಪ್ರಕೃತಿಪ್ರೇಮದ್ದು. ಶೂದ್ರನಿಗೆ ಜುಗುಪ್ಸಿತವಾದ ಹೆಸರನ್ನು ವಿಧಿಸಿದ ಸ್ಮೃತಿಗೆ, ಅದರದೇ ನುಡಿಯಲ್ಲಿ ಕೊಟ್ಟ ಉತ್ತರವೆಂದು ಇದನ್ನು ಓದಲು ಅವಕಾಶವಿದೆ. ಇಂದು ಈ ಹೆಸರುಗಳು ಯಾರಿಗೂ ಅತಿಯೆನಿಸುವುದಿಲ್ಲ. ಇಟ್ಟವರ ಕೀರ್ತಿ ಅವುಗಳನ್ನು ಸಹಜಗೊಳಿಸಿದೆ.

6. ಹಕ್ಕಿಪಿಕ್ಕಿಯರ ಹೆಸರುಗಳು

ಈ ಸೌಲಭ್ಯ ಎಲ್ಲರಿಗೂ ದೊರೆತಿಲ್ಲವೆಂಬುದಕ್ಕೆ ಹಕ್ಕಿಪಿಕ್ಕಿ ಸಮುದಾಯ ಸಾಕ್ಷಿ. ಗುಜರಾತಿಗೆ ಹತ್ತಿರವಾದ ವಾಗ್ರಿ ನುಡಿಯನ್ನಾಡುವ ಈ ಪರಿಶಿಷ್ಟ ಪಂಗಡದವರು ಹಕ್ಕಿ ಹಿಡಿದು, ಬೇಟೆಯಾಡಿ ಅಲೆಯುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಬದುಕು ಕಷ್ಟವಾಗಿ, ಬಿಡದಿ ಬಳಿಯ ಭದ್ರಾಪುರವೇ ಮೊದಲಾದ ಕಡೆ ನೆಲೆನಿಂತರು. ಇವರಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್, ಗ್ಲೂಕೋಸ್, ಕಾಫಿ, ಮೈಸೂರು ಪಾಕ್, ಗೂಗಲ್ ಎಂಬ ಹೆಸರುಗಳಿವೆ. ಪತ್ರಿಕೆಗಳು ಮತ್ತು ದೂರದರ್ಶನ ವಾಹಿನಿಗಳು ಇವನ್ನು ಮತ್ತೆ ಮತ್ತೆ ವಿನೋದದ ಸುದ್ದಿಯಾಗಿ ಪ್ರಕಟಿಸಿವೆ.

ಆದರೆ ಇಲ್ಲಿಯ ತರ್ಕ ಅಪರಿಚಿತವಾದುದೇನಲ್ಲ. ಸೋಮವಾರ ಹುಟ್ಟಿದವನನ್ನು ಸೋಮನೆಂದಂತೆ, ಬದುಕಿನಲ್ಲಿ ಎದುರಾದ ಸಂಗತಿಯನ್ನೋ ಕಂಡು ಬೆರಗಾದ ವಸ್ತುವನ್ನೋ ಮಗುವಿನ ಹೆಸರಾಗಿಸುವ ಕ್ರಮವಿದು. ಅಲೆಮಾರಿಗಳಿಗೆ ನ್ಯಾಯಾಲಯವೆಂದರೆ ಎಷ್ಟು ದೊಡ್ಡ ಶಕ್ತಿಯೆಂಬುದನ್ನು ಬಲ್ಲವರಿಗೆ 'ಹೈಕೋರ್ಟ್' ಎಂಬ ಹೆಸರಿನಲ್ಲಿ ಬಲಸೂಚಕತ್ವ ಕಂಡೀತು. ನೆರೆಯ ತಮಿಳುನಾಡಿನಲ್ಲಿ ಎಂ. ಕರುಣಾನಿಧಿಯವರು 1953ರಲ್ಲಿ ಹುಟ್ಟಿದ ಮಗನಿಗೆ ಆಗತಾನೆ ತೀರಿಕೊಂಡಿದ್ದ ಸೋವಿಯತ್ ನಾಯಕ ಸ್ಟಾಲಿನ್‌ನ ಹೆಸರಿಟ್ಟಾಗ ಅದನ್ನು ಲೋಕ ಸಿದ್ಧಾಂತವೆಂದು ಓದಿತು. ಸಮಕಾಲೀನ ಜಗತ್ತಿನಿಂದ ಹೆಸರನ್ನು ಆಯ್ದುಕೊಂಡ ಕ್ರಿಯೆ ಎರಡೂ ಕಡೆ ಒಂದೇ. ಒಂದಕ್ಕೆ ವ್ಯಾಖ್ಯಾನ ದೊರೆಯಿತು, ಇನ್ನೊಂದಕ್ಕೆ ನಗೆ.

7. ಉಪಸಂಹಾರ

ಹಿಂದೆ ಮನುಷ್ಯನಿಗೆ ಹಲವು ಹೆಸರುಗಳಿದ್ದವು. ತೊಟ್ಟಿಲಿನದೊಂದು, ಮನೆಯದೊಂದು, ಊರಿನದೊಂದು. ಒಂದು ಒಪ್ಪದಿದ್ದರೆ ಮತ್ತೊಂದು ಬಳಕೆಗೆ ಬರುತ್ತಿತ್ತು. ಜನನ ಮತ್ತು ಮರಣ ನೋಂದಣಿ ಕಾಯ್ದೆ (1969) ಹೆಸರನ್ನು ದಾಖಲೆಗೆ ಬಿಗಿಯಿತು. 2023ರ ತಿದ್ದುಪಡಿಯಂತೆ ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಸರ್ಕಾರಿ ನೇಮಕಾತಿ ಮುಂತಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನ ಮತ್ತು ಜನ್ಮಸ್ಥಳಗಳ ಆಧಾರ. ತೊಟ್ಟಿಲ ಹೊತ್ತಿನಲ್ಲಿ ಬರೆಸಿದ ಹೆಸರು ಹೀಗೆ ಕಚೇರಿಯಿಂದ ಕಚೇರಿಗೆ ಜೊತೆಯಲ್ಲೇ ಸಾಗುತ್ತದೆ. ಆದ್ದರಿಂದ ಹಾಜರಿ ಕೂಗುವಾಗ ತರಗತಿಯಲ್ಲಿ ಏಳುವ ನಗೆಯನ್ನು ಲಘುವಾಗಿ ಎಣಿಸುವಂತಿಲ್ಲ.

ಮೇಲಿನ ನಿದರ್ಶನಗಳಿಂದ ಹೊರಡುವ ತಾತ್ಪರ್ಯವಿಷ್ಟು. ಬಿಟ್ಟಿದೇವ ವಿಷ್ಣುವರ್ಧನನಾದರೆ ಪ್ರತಿಷ್ಠೆ. ಕೂಲಿಯವನ ಮಗನಿಗೆ ಅಂಥದೇ ಹೆಸರಿಟ್ಟರೆ ಬಿಂಕ. ಅಲೆಮಾರಿಯ ಮಗುವಿನ ಹೆಸರಾದರೆ ವಿನೋದ. ವ್ಯಕ್ತಿನಾಮಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯದಲ್ಲಿ ಹೆಸರಿನ ಅರ್ಥದೊಂದಿಗೆ ಅದನ್ನು ಇಟ್ಟವರು ಕೊಡುವ ಕಾರಣವನ್ನೂ ಕೇಳಿದವರ ಪ್ರತಿಕ್ರಿಯೆಯನ್ನೂ ದಾಖಲಿಸುವುದು ಅಗತ್ಯ. ಈ ಮೂರನ್ನು ಜೊತೆಗಿರಿಸಿ ನೋಡಿದಾಗ ಹೆಸರುಗಳ ಪಟ್ಟಿಯು ಸಮಾಜದ ಚರಿತ್ರೆಯಾಗುತ್ತದೆ.