ಮನೆಯೇ ಶಾಲೆಯಾದಾಗ ಇತಿಹಾಸಕ್ಕೆ ಯಾವ ಪುಸ್ತಕ?

ಮಹಾನಗರದ ತುಳು-ಕನ್ನಡಿಗರ ಕೆಲವು ಮನೆಗಳಲ್ಲಿ ಈಗ ಹೊಸದೊಂದು ಮಾತು ಕೇಳಿಬರುತ್ತಿದೆ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವ ಮಾತು ಅದು. ಡೊನೇಷನ್ನಿನ ಭಾರ, ಲೋಕಲ್ ರೈಲಿನ ನೂಕುನುಗ್ಗಲು, ಟ್ಯೂಷನ್ನಿನ ಓಟ, ಮಗುವಿನ ಆರೋಗ್ಯ ಹೀಗೆ ಕಾರಣಗಳು ಹಲವು. ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿಕೊಂಡ ಸಮಾಜ ನಮ್ಮದು. ಎಲ್ಲರೂ ಹೋಗುವ ಹಾದಿಯಲ್ಲೇ ಹೋದರೆ ಮಾತ್ರ ವಿದ್ಯೆ ಬರುತ್ತದೆ ಎಂದು ನಾವು ಹೇಳುವಂತಿಲ್ಲ.

ಮನೆಶಿಕ್ಷಣ ಆರಿಸಿಕೊಂಡ ತಂದೆ-ತಾಯಂದಿರಿಗೆ ಗಣಿತ, ವಿಜ್ಞಾನದ ಪುಸ್ತಕ ಆರಿಸುವುದು ಕಷ್ಟವಾಗುವುದಿಲ್ಲ. ಏಳು ಎಂಟಲಿ ಐವತ್ತಾರು ಎಂಬುದು ಎಲ್ಲ ಪುಸ್ತಕದಲ್ಲೂ ಒಂದೇ. ತಲೆನೋವು ಬರುವುದು ಇತಿಹಾಸದಲ್ಲಿ. ಯಾವ ಪುಸ್ತಕ ಯಾವ ಪಕ್ಷದ್ದು, ಯಾವುದು ಯಾವ ಧರ್ಮದವರನ್ನು ಹೊಗಳುತ್ತದೆ, ಯಾವುದು ಯಾರನ್ನು ಬಿಟ್ಟುಬಿಡುತ್ತದೆ ಎಂಬ ಗೊಂದಲ ಅಲ್ಲಿದೆ. ಮತಭೇದವಿಲ್ಲದ, ಜಾತ್ಯತೀತ ಇತಿಹಾಸವನ್ನು ಮಗುವಿಗೆ ಓದಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ.

ಕಾನೂನು ಮತ್ತು ಪರೀಕ್ಷೆ

ಮೊದಲು ವ್ಯವಹಾರದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಮನೆಶಿಕ್ಷಣವೆಂಬ ಪ್ರತ್ಯೇಕ ಮಾತು ಅದರಲ್ಲಿಲ್ಲ. ಹೆಚ್ಚಿನ ಪೋಷಕರು ಮಕ್ಕಳನ್ನು ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಪರೀಕ್ಷೆಗೆ ಕೂರಿಸುತ್ತಾರೆ. 1989ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಅಂದರೆ ಅಲ್ಲಿಯ ತನಕ ಏನು ಓದಿಸಬೇಕು ಎಂಬುದು ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಇರುತ್ತದೆ. ಈ ಸ್ವಾತಂತ್ರ್ಯ ದೊಡ್ಡದು, ಜವಾಬ್ದಾರಿಯೂ ಅಷ್ಟೇ ದೊಡ್ಡದು.

ಯಾಕೆಂದರೆ ಶಾಲೆಯಲ್ಲಿ ಪಠ್ಯಪುಸ್ತಕ ಎಷ್ಟೇ ಏಕಪಕ್ಷೀಯವಾಗಿದ್ದರೂ ಪಕ್ಕದ ಬೆಂಚಿನಲ್ಲಿ ಬೇರೆ ಜಾತಿಯ, ಬೇರೆ ಧರ್ಮದ, ಬೇರೆ ಭಾಷೆಯ ಮಗು ಕುಳಿತಿರುತ್ತದೆ. ಡಬ್ಬಿ ಹಂಚಿಕೊಂಡು ತಿನ್ನುವಾಗ ಪುಸ್ತಕದ ಅರ್ಧ ವಿಷ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಹಾಗಿಲ್ಲ. ಅಪ್ಪ-ಅಮ್ಮ ಹೇಳಿದ್ದು ಮತ್ತು ಅವರು ತಂದ ಪುಸ್ತಕ ಹೇಳಿದ್ದು ಎರಡೂ ಒಂದೇ ದನಿಯಾದರೆ ಮಗುವಿಗೆ ಎರಡನೆಯ ದನಿ ಕೇಳಿಸುವುದೇ ಇಲ್ಲ. ಹಾಗಾಗಿ ಮನೆಶಿಕ್ಷಣದಲ್ಲಿ ಇತಿಹಾಸದ ಪುಸ್ತಕ ಶಾಲೆಯ ಪುಸ್ತಕಕ್ಕಿಂತ ಹೆಚ್ಚು ತೂಕದ ವಸ್ತು.

ಸರಕಾರ ಬದಲಾದಂತೆ ಪುಸ್ತಕ

ಸರಕಾರಿ ಪಠ್ಯವನ್ನೇ ಹಿಡಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಕೇಂದ್ರದ ಪಠ್ಯಕ್ರಮ ಚೌಕಟ್ಟು ಈ ಶತಮಾನದಲ್ಲೇ ಮೂರು ಸಲ ಬದಲಾಗಿದೆ: 2000, 2005 ಮತ್ತು 2023. 2000ದ ಚೌಕಟ್ಟಿನ ಮೇಲೆ ಬಂದ ಎನ್‌ಸಿಇಆರ್‌ಟಿ ಇತಿಹಾಸ ಪುಸ್ತಕಗಳು ಕೆಲವೇ ವರ್ಷ ಬಾಳಿದವು. 2005ರ ಚೌಕಟ್ಟಿನ ಪುಸ್ತಕಗಳಿಂದ ಮುಂದೆ ಕೆಲವು ಭಾಗಗಳನ್ನು ತೆಗೆಯಲಾಯಿತು. 12ನೇ ತರಗತಿಯ ಮೊಘಲ್ ಆಸ್ಥಾನದ ಅಧ್ಯಾಯವನ್ನು 2023ರಲ್ಲಿ ಕೈಬಿಟ್ಟದ್ದು ದೊಡ್ಡ ಸುದ್ದಿಯಾಯಿತು. 2025ರ ಹೊಸ 7ನೇ ತರಗತಿಯ ಪುಸ್ತಕದ ಮೊದಲ ಭಾಗದಲ್ಲಿ ದಿಲ್ಲಿ ಸುಲ್ತಾನರು, ಮೊಘಲರು ಇರಲಿಲ್ಲ. ಅದೇ ವರ್ಷ ಬಂದ 8ನೇ ತರಗತಿಯ ಪುಸ್ತಕದಲ್ಲಿ ಅವರ ಪಾಠ ಬಂತು. ಮಹಾರಾಷ್ಟ್ರದಲ್ಲಿ 2017ರ 7ನೇ ತರಗತಿಯ ಪುಸ್ತಕ ಮರಾಠಾ ಇತಿಹಾಸಕ್ಕೆ ಹೆಚ್ಚು ಜಾಗ ಕೊಟ್ಟು ಮೊಘಲರ ಭಾಗವನ್ನು ಮೊಟಕುಗೊಳಿಸಿತು. ಕರ್ನಾಟಕದಲ್ಲಿ 2022ರಲ್ಲಿ ಪಠ್ಯ ಪರಿಷ್ಕರಣೆಯಾಯಿತು, 2023ರಲ್ಲಿ ಸರಕಾರ ಬದಲಾದ ಮೇಲೆ ಅದರ ಹಲವು ಭಾಗಗಳು ಹಿಂದಕ್ಕೆ ಹೋದವು. ಸರಕಾರದ ಮುದ್ರೆ ಇದೆ ಎಂಬುದೊಂದೇ ಪುಸ್ತಕಕ್ಕೆ ಯೋಗ್ಯತಾಪತ್ರವಾಗದು.

ಹೊರದೇಶದ ಪುಸ್ತಕ ತಂದರೂ ಸಮಸ್ಯೆ ತೀರುವುದಿಲ್ಲ. ಅಮೆರಿಕದಲ್ಲಿ ಮನೆಶಿಕ್ಷಣ ಎಲ್ಲ 50 ರಾಜ್ಯಗಳಲ್ಲೂ ಕಾನೂನುಬದ್ಧ. ಅಲ್ಲಿ ಮನೆಶಿಕ್ಷಣದ ಪುಸ್ತಕಗಳಲ್ಲಿ ಕ್ರೈಸ್ತ ಪ್ರಕಾಶಕರ ಪಾಲು ದೊಡ್ಡದಾದ್ದರಿಂದ ಸೆಕ್ಯುಲರ್ ಎಂದು ಲೇಬಲ್ ಹಚ್ಚಿದ ಪಠ್ಯಗಳನ್ನು ಬೇರೆಯಾಗಿಯೇ ಹುಡುಕುತ್ತಾರೆ. ಸೂಸನ್ ವೈಸ್ ಬಾಯರ್ ಅವರ ನಾಲ್ಕು ಸಂಪುಟಗಳ 'ದಿ ಸ್ಟೋರಿ ಆಫ್ ದಿ ವರ್ಲ್ಡ್' ಅಲ್ಲಿ ಬಹಳ ಪ್ರಸಿದ್ಧ. ಮಕ್ಕಳು ಇಷ್ಟಪಟ್ಟು ಓದುವ ಕಥನ ಅದು. ಆದರೆ ಮೊದಲ ಸಂಪುಟದಲ್ಲಿ ಬೈಬಲ್ಲಿನ ಅಬ್ರಹಾಂ, ಜೋಸೆಫರ ಕಥೆಗಳು ಇತಿಹಾಸದ ಸಾಲಿನಲ್ಲೇ ಬರುತ್ತವೆ. ಅದಕ್ಕೆ ಅಲ್ಲಿನ ಜಾತ್ಯತೀತ ಪೋಷಕರದೇ ಆಕ್ಷೇಪವಿದೆ.

ವೌಚರ್ ಎಲ್ಲಿ?

ಹಾಗಾದರೆ ಜಾತ್ಯತೀತ ಇತಿಹಾಸ ಎಂದರೇನು? ದೇವರ ಹೆಸರು ಹೊಡೆದುಹಾಕಿದ ಪುಸ್ತಕವೇ? ಅಲ್ಲ. ಗುಡಿ, ಬಸದಿ, ಮಸೀದಿ, ಇಗರ್ಜಿ ಬಿಟ್ಟರೆ ನಮ್ಮ ದೇಶದ ಇತಿಹಾಸದಲ್ಲಿ ಉಳಿಯುವುದಾದರೂ ಏನು? ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದ ನನಗೆ ತಿಳಿದದ್ದು ಇಷ್ಟು: ವೌಚರ್ ಇಲ್ಲದೆ ಎಂಟ್ರಿ ಇಲ್ಲ. ಯಾರ ಖಾತೆ ಎಂದು ನೋಡದೆ ಎಲ್ಲರಿಗೂ ಅದೇ ನಿಯಮ. ಇತಿಹಾಸದ ಪುಸ್ತಕಕ್ಕೂ ಇದೇ ಪರೀಕ್ಷೆ. ಅದು ಹೇಳುವ ಮಾತಿಗೆ ಆಧಾರ ತೋರಿಸುತ್ತದೆಯೇ? ತನ್ನವರಿಗೊಂದು, ಪರರಿಗೊಂದು ಅಳತೆ ಇಟ್ಟುಕೊಂಡಿದೆಯೇ?

ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿ ಎಲ್ಲ ಕನ್ನಡ ಮಕ್ಕಳಿಗೂ ಹೆಮ್ಮೆಯದು. ಒಳ್ಳೆಯ ಪುಸ್ತಕ ಅಷ್ಟಕ್ಕೇ ನಿಲ್ಲುವುದಿಲ್ಲ. ಇದು ನಮಗೆ ಹೇಗೆ ಗೊತ್ತು ಎಂದು ಕೇಳುತ್ತದೆ. ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುತಿ ಬಸದಿಯಲ್ಲಿ ಜೈನಕವಿ ರವಿಕೀರ್ತಿ ಬರೆಸಿದ ಶಾಸನ ಒಂದು ಆಧಾರ. ಆದರೆ ಅದು ಒಡೆಯನನ್ನು ಹೊಗಳಿದ ಕವಿಯ ಮಾತು. ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಹರ್ಷನಿಂದಲೇ ಸತ್ಕಾರ ಪಡೆದವನು. ಆದರೂ ಪುಲಕೇಶಿಯನ್ನು ಮಣಿಸಲು ಹರ್ಷನಿಗೆ ಆಗಲಿಲ್ಲ ಎಂದು ಬರೆದಿಟ್ಟ. ಎರಡು ಕಡೆಯ ವೌಚರ್ ತಾಳೆಯಾಯಿತು. ಹೀಗೆ ಕಲಿತ ಹತ್ತು ವರ್ಷದ ಮಗು ಮುಂದೆ ಮೊಬೈಲಿನಲ್ಲಿ ಬಂದ ಯಾವುದೇ ಇತಿಹಾಸವನ್ನು ಆಧಾರ ಕೇಳದೆ ನಂಬುವುದಿಲ್ಲ.

ಎರಡೂ ಪುಟ ಓದಿಸಿ

ಇನ್ನೊಂದು ಪರೀಕ್ಷೆ ಟಿಪ್ಪು ಸುಲ್ತಾನನ ಪಾಠ. 1784ರಲ್ಲಿ ಕೆನರಾದ ಸಾವಿರಾರು ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ನಿಜ. ಇದೇ ಮುಂಬಯಿಯಲ್ಲಿರುವ ಮಂಗಳೂರು ಕೆಥೋಲಿಕ್ ಕುಟುಂಬಗಳಲ್ಲಿ ಆ ನೆನಪು ಇಂದಿಗೂ ಇದೆ. 1791ರಲ್ಲಿ ಮರಾಠಾ ಸೇನೆಯ ತುಕಡಿಯೊಂದು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಶಾರದೆಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕಳುಹಿಸಿದವನು ಟಿಪ್ಪು ಎಂಬುದೂ ನಿಜ. ಅವನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಮೊದಲ ಪುಟ ಮಾತ್ರ ಇರುವ ಪುಸ್ತಕವೂ ಬೇಡ, ಎರಡನೆಯ ಪುಟ ಮಾತ್ರ ಇರುವ ಪುಸ್ತಕವೂ ಬೇಡ. ಎರಡನ್ನೂ ಓದಿದ ಮಗು ಗೊಂದಲಗೊಂಡು ಪ್ರಶ್ನೆ ಕೇಳಲಿ. ಆ ಪ್ರಶ್ನೆಯೇ ಇತಿಹಾಸದ ಪಾಠ.

ಜಗಳವನ್ನು ಮುಚ್ಚಿಡುವುದೂ ಜಾತ್ಯತೀತತೆಯಲ್ಲ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಯಿತು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. 1368ರ ಶ್ರವಣಬೆಳಗೊಳದ ಶಾಸನದಲ್ಲಿ ಇದು ದಾಖಲಾಗಿದೆ. ವ್ಯಾಜ್ಯವಿತ್ತು ಎಂದು ಹೇಳಿದರೆ ಮಾತ್ರ ಆ ತೀರ್ಪಿನ ಬೆಲೆ ಮಗುವಿಗೆ ತಿಳಿಯುತ್ತದೆ.

ಪುರಾಣಕ್ಕೆ ಬೇರೆ ಖಾತೆ

ರಾಮಾಯಣ, ಮಹಾಭಾರತ ಬಿಟ್ಟುಬಿಡಬೇಕೇ ಎಂದು ಹಲವರು ಕೇಳುತ್ತಾರೆ. ಖಂಡಿತ ಬೇಡ. ಯಕ್ಷಗಾನ ನೋಡಿ ಬೆಳೆದವರು ನಾವು. ಪರಶುರಾಮ ಕೊಡಲಿ ಎಸೆದು ಸಮುದ್ರದಿಂದ ತುಳುನಾಡನ್ನು ಪಡೆದ ಕಥೆಯನ್ನು ಮಗುವಿಗೆ ಸಂತೋಷದಿಂದ ಹೇಳೋಣ. ಅದು ಪುರಾಣದ ಖಾತೆ. ಬಾರಕೂರಿನಿಂದ ಆಳಿದ ಆಳುಪರು, ಅವರ ಶಾಸನಗಳು ಇತಿಹಾಸದ ಖಾತೆ. ಎರಡೂ ಖಾತೆ ನಮ್ಮದೇ. ಒಂದರ ಜಮೆಯನ್ನು ಇನ್ನೊಂದರಲ್ಲಿ ತೋರಿಸಬಾರದು ಅಷ್ಟೇ.

ಪುಸ್ತಕದ ಕಪಾಟಿನಲ್ಲಿ

ಒಂದೇ ಪುಸ್ತಕ ಸಾಕಾಗದು, ಎರಡಾದರೂ ಇರಲಿ ಎಂಬುದು ನನ್ನ ಸಲಹೆ. ಸಣ್ಣ ಮಕ್ಕಳಿಗೆ ಜವಾಹರಲಾಲ್ ನೆಹರು 1928ರಲ್ಲಿ ಮಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ ಪತ್ರಗಳ ಪುಸ್ತಕ ಇಂದಿಗೂ ಹಿತವಾಗಿದೆ. ಕಲ್ಲು, ನದಿ ನೋಡಿ ಹಳೆಯ ಕಾಲವನ್ನು ಊಹಿಸುವುದನ್ನು ಅದು ಕಲಿಸುತ್ತದೆ. ಸೆರೆಮನೆಯಿಂದ ಅವರು ಬರೆದು 1934ರಲ್ಲಿ ಪ್ರಕಟವಾದ ವಿಶ್ವ ಇತಿಹಾಸದ ಪತ್ರಗಳು ದೊಡ್ಡ ಮಕ್ಕಳಿಗಾದೀತು. ಅವುಗಳಲ್ಲಿನ ಕೆಲವು ವಿಚಾರಗಳು ಹಳತಾಗಿವೆ, ಅದನ್ನೂ ಮಗುವಿಗೆ ತಿಳಿಸಬೇಕು. ವಿಯೆನ್ನಾದ ಇ.ಎಚ್. ಗೊಂಬ್ರಿಕ್ ತಮ್ಮ 26ನೇ ವಯಸ್ಸಿನಲ್ಲಿ ಮಕ್ಕಳಿಗಾಗಿ ಬರೆದ ಪುಟ್ಟ ಜಗತ್ತಿನ ಇತಿಹಾಸ 2005ರಲ್ಲಿ ಇಂಗ್ಲಿಷಿಗೆ ಬಂತು. ಓದಲು ಸೊಗಸು, ಆದರೆ ಯುರೋಪಿನ ಕಿಟಕಿಯಿಂದ ನೋಡಿದ ಜಗತ್ತು.

11ರಿಂದ 14 ವರ್ಷದವರಿಗೆ ಎನ್‌ಸಿಇಆರ್‌ಟಿ 2006ರಿಂದ 2008ರವರೆಗೆ ತಂದ 'ಅವರ್ ಪಾಸ್ಟ್ಸ್' ಮಾಲೆಯ ಹಳೆಯ ಪ್ರತಿ ಸಿಕ್ಕಿದರೆ ಇಟ್ಟುಕೊಳ್ಳಿ. ಆಧಾರಗಳನ್ನು ಮಗುವಿನ ಮುಂದಿಡುವ ಕ್ರಮ ಅದರಲ್ಲಿ ಚೆನ್ನಾಗಿದೆ. ಪಕ್ಕದಲ್ಲಿ ಹೊಸ ಪುಸ್ತಕವನ್ನೂ ಇಡಿ. ಪುಣೆಯ ಬಾಲಭಾರತಿ ಸಂಸ್ಥೆಯ ಕನ್ನಡ ಪಠ್ಯಗಳೂ ಜೊತೆಗಿರಲಿ. ಒಂದೇ ಅರಸನ ಬಗ್ಗೆ ಮೂರು ಪುಸ್ತಕ ಏನು ಹೇಳುತ್ತವೆ, ಯಾವುದು ಏನನ್ನು ಬಿಟ್ಟಿದೆ ಎಂದು ಮಗುವೇ ಪಟ್ಟಿ ಮಾಡಲಿ.

ಪುಸ್ತಕ ಕೊಳ್ಳುವ ಮುನ್ನ ಇನ್ನೂ ಎರಡು ಸಂಗತಿ ಗಮನಿಸಿ. ಅರಸರಲ್ಲದವರು, ಅಂದರೆ ರೈತರು, ಮೀನುಗಾರರು, ನೇಕಾರರು, ಹೆಂಗಸರು ಅದರಲ್ಲಿದ್ದಾರೆಯೇ? ಅಸ್ಪೃಶ್ಯತೆಯ ಬಗ್ಗೆ ನೇರವಾಗಿ ಮಾತಾಡುತ್ತದೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಕೊನೆಯದಾಗಿ, ಮುಂಬಯಿಯ ಮಕ್ಕಳಿಗೆ ಒಂದು ಪಾಠಶಾಲೆ ಬೊರಿವಲಿಯಲ್ಲೇ ಇದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿ 9ನೇ ಶತಮಾನದ ಶಾಸನಗಳಲ್ಲಿ ಬೌದ್ಧ ಸಂಘಕ್ಕೆ ಕೊಟ್ಟ ದಾನಗಳ ವಿವರವಿದೆ. ಆಗ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರ ಸಾಮಂತರು, ಅವರ ಸಾಮ್ರಾಟ ಮಾನ್ಯಖೇಟದ ಅಮೋಘವರ್ಷ. ಜೈನಧರ್ಮಕ್ಕೆ ಒಲಿದಿದ್ದ ಕನ್ನಡ ನಾಡಿನ ದೊರೆಯ ಹೆಸರು ಮುಂಬಯಿಯ ಬೌದ್ಧ ಗುಹೆಯ ಕಲ್ಲಿನ ಮೇಲಿದೆ. ರಜೆಯ ಒಂದು ಬೆಳಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೆರೆಮನೆಯ ಮಕ್ಕಳನ್ನೂ ಕರೆಯಿರಿ, ಅವರು ಯಾವ ಧರ್ಮದವರೇ ಆಗಿರಲಿ. ಮನೆಯಲ್ಲಿ ಓದುವ ಮಗುವಿಗೆ ಬೇಕಾದ ಎರಡನೆಯ ದನಿ ಅವರಿಂದಲೇ ಬರಬೇಕು.