ಆಕಾಶದ ಗವಾಕ್ಷ

ಕಳೆದ ಶತಮಾನದ ಅರವತ್ತರ ದಶಕದಲ್ಲಿ, ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ, ಯಂತ್ರದ ಕೊಳವೆಗಳಿಂದ ಶೈತ್ಯಾನಿಲವು ಸೋರಿಹೋಗದಂತೆ ತಡೆಯುವ ಉಪಾಯವನ್ನು ಅರಸುತ್ತಿದ್ದ ತರುಣ ಎಂಜಿನಿಯರ್ ವೀರಭದ್ರನ್ ರಾಮನಾಥನ್ ಅವರಿಗೆ, ಆ ಸೋರಿಕೆಯೇ ಮುಂದೆ ತಮಗೆ ಲೋಕಖ್ಯಾತಿಯನ್ನು ತಂದೀತೆಂಬ ಊಹೆ ಸುಳಿದಿರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಮುಗಿಸಿ ಅಮೆರಿಕಕ್ಕೆ ತೆರಳಿದ ಅವರು, ಅಲ್ಲಿ ಗ್ರಹಗಳ ವಾಯುಮಂಡಲದ ಅಧ್ಯಯನದಲ್ಲಿ ತೊಡಗಿದರು.

ಭೂಮಿಗೂ ಶಾಖದ ಜಮಾಖರ್ಚೊಂದಿದೆ. ಪ್ರತಿ ಚದರ ಮೀಟರಿಗೆ ಸರಾಸರಿ ೩೪೦ ವ್ಯಾಟ್‌ನಂತೆ ಬರುವ ಸೂರ್ಯರಶ್ಮಿಯಲ್ಲಿ ಸುಮಾರು ೧೦೦ ವ್ಯಾಟ್ ಪ್ರತಿಫಲಿಸಿ ಹಿಂದಿರುಗುವುದು. ಉಳಿದ ೨೪೦ ಅವಕೆಂಪು ಕಿರಣಗಳಾಗಿ ವ್ಯೋಮವನ್ನು ಸೇರಿದರೆ ಲೆಕ್ಕ ಸರಿಹೋಯಿತು. ಆ ಕಿರಣಗಳನ್ನು ತಡೆಯುವ ಇಂಗಾಲಾಮ್ಲವು ಇಮ್ಮಡಿಯಾದರೆ ಭೂಮಿಯ ತಾಪವು ಐದಾರು ಡಿಗ್ರಿ ಏರುವುದೆಂದು, ಚಂದ್ರನಿಂದ ಬರುವ ಶಾಖದ ಅಳತೆಗಳನ್ನು ಆಧರಿಸಿ, ಸ್ವೀಡನ್ನಿನ ಅರ್ಹೇನಿಯಸ್ ೧೮೯೬ರಷ್ಟು ಹಿಂದೆಯೇ ಕೈಬರಹದಲ್ಲಿ ಗಣಿಸಿದ್ದನು. ೧೯೬೭ರಲ್ಲಿ ಮನಾಬೆ ಮತ್ತು ವೆದರಾಲ್ಡ್ ಗಣಕದ ನೆರವಿನಿಂದ ಆ ಏರಿಕೆಯನ್ನು ಎರಡು ಡಿಗ್ರಿಗಿಂತ ತುಸು ಹೆಚ್ಚೆಂದು ತಿದ್ದಿದರು. ಆದರೆ ಎಲ್ಲರ ದೃಷ್ಟಿಯೂ ಬಹುಮಟ್ಟಿಗೆ ಇಂಗಾಲಾಮ್ಲದ ಮೇಲೆಯೇ ನೆಟ್ಟಿತ್ತು.

ಶೈತ್ಯಾನಿಲಗಳಾದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನಿಗೆ ಮಾರಕವೆಂದು ಮೊಲಿನಾ ಮತ್ತು ರೋಲ್ಯಾಂಡ್ ೧೯೭೪ರಲ್ಲಿ ಸಾರಿದಾಗ, ಅವು ಶಾಖವನ್ನೇನು ಮಾಡುವುವೆಂಬ ಬೇರೊಂದು ಪ್ರಶ್ನೆಯನ್ನು ರಾಮನಾಥನ್ ಕೈಗೆತ್ತಿಕೊಂಡರು. ಎಂಟರಿಂದ ಹನ್ನೆರಡು ಮೈಕ್ರಾನ್‌ವರೆಗಿನ ತರಂಗಗಳನ್ನು ನೀರಾವಿಯಾಗಲಿ ಇಂಗಾಲಾಮ್ಲವಾಗಲಿ ಹೆಚ್ಚಾಗಿ ತಡೆಯವು. ಭೂಮಿಯು ತನ್ನ ಬಿಸಿಯುಸಿರನ್ನು ಹೊರಬಿಡುವ ಗವಾಕ್ಷವದು. ಹಲವು ಪರದೆಗಳು ಈಗಾಗಲೇ ಇಳಿಬಿದ್ದಿರುವ ಕಿಟಕಿಗೆ ಇನ್ನೊಂದು ಪರದೆಯನ್ನು ಕಟ್ಟಿದರೆ ಕೋಣೆಗೆ ಆಗುವ ವ್ಯತ್ಯಾಸ ಅತ್ಯಲ್ಪ. ತೆರೆದ ಗವಾಕ್ಷಕ್ಕೆ ಕಟ್ಟಿದ ಮೊದಲ ಪರದೆಯ ಪರಿಣಾಮವೇ ಬೇರೆ. ಶೈತ್ಯಾನಿಲಗಳು ಹೀರುವುದು ಸರಿಯಾಗಿ ಆ ಗವಾಕ್ಷದ ಕಿರಣಗಳನ್ನೇ. ಆದುದರಿಂದ ಅವುಗಳ ಒಂದು ಅಣುವು ಇಂಗಾಲಾಮ್ಲದ ಸುಮಾರು ಹತ್ತು ಸಾವಿರ ಅಣುಗಳಿಗೆ ಸಮನೆಂಬ ಅವರ ನಿರ್ಣಯವು ೧೯೭೫ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂದಿನಿಂದ ವಾಯುಮಂಡಲದ ಲೆಕ್ಕಕ್ಕೆ ಲೇಶಮಾತ್ರದ ಅನಿಲಗಳೂ ಸೇರಿದವು. ಓಝೋನಿನ ರಕ್ಷಣೆಗೆಂದು ೧೯೮೭ರಲ್ಲಾದ ಮಾಂಟ್ರಿಯಲ್ ಒಪ್ಪಂದವು ಶೈತ್ಯಾನಿಲಗಳ ಈ ಬಾಬತ್ತಿಗೂ ಕಡಿವಾಣ ಹಾಕಿತು. ಆದರೂ ಆ ಶೈತ್ಯಾನಿಲಗಳಲ್ಲೊಂದಾದ ಸಿಎಫ್‌ಸಿ-೧೨ರ ಆಯಸ್ಸು ಸುಮಾರು ನೂರು ವರ್ಷ. ಅಂದು ಕಾರ್ಖಾನೆಗಳು ನಷ್ಟವೆಂದು ಬರೆದು ಮುಗಿಸಿದ ಸೋರಿಕೆಯ ಅರ್ಧಕ್ಕೂ ಹೆಚ್ಚು ಪಾಲು, ಆಕಾಶದ ವಹಿಯಲ್ಲಿ ಇನ್ನೂ ಜಮೆಯಾಗಿಯೇ ನಿಂತಿದೆ.